ೞಕಾರದ ಎರಡು ಹೆಸರು: ಪ್ರಮಾಣೀಕರಣ ಸಮಿತಿಗಳಲ್ಲಿ ರಾಜಿಯ ಬಗೆ

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ಸೇವಕ, ‘ಆೞ್’ ಎಂದರೆ ಮುಳುಗು. ೞಕಾರವು ಕಾಲಕ್ರಮದಲ್ಲಿ ಳಕಾರದೊಡನೆ ಬೆರೆತುಹೋದುದರಿಂದ ಇಂದಿನ ಕನ್ನಡದಲ್ಲಿ ಈ ಭೇದ ಕಿವಿಗೆ ಕೇಳಿಸದು. ಹೊಸೂರು, ಕೃಷ್ಣಗಿರಿ ಸೀಮೆಯ ವಿದ್ಯಾರ್ಥಿಗೆ ಮಾತ್ರ ಇದು ಅಪರಿಚಿತವಲ್ಲ. ತಮಿಳಿನ ‘ವಾಳ್’ ಮತ್ತು ‘ವಾೞ್’, ‘ಮೞೈ’, ‘ಏೞು’, ‘ಕೋೞಿ’ಗಳಲ್ಲಿ ಆ ಭೇದ ಇಂದಿಗೂ ಜೀವಂತವಾಗಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಎಣಿಸಿ ಹೇಳಿದ್ದಾನೆ. ಅಂತಹ ಅಕ್ಷರಕ್ಕೆ ಗಣಕದಲ್ಲಿ ದೊರೆತ ಸ್ಥಾನವನ್ನು ಪರಿಶೀಲಿಸಿದರೆ, ಪ್ರಮಾಣೀಕರಣ ಸಮಿತಿಗಳು ಭಿನ್ನಾಭಿಪ್ರಾಯಗಳನ್ನು ಬಗೆಹರಿಸುವ ಕ್ರಮ ಸ್ಪಷ್ಟವಾಗುತ್ತದೆ. ಆ ಕ್ರಮಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು.

ಮೊದಲ ದಾರಿ: ಮಟ್ಟಗಳನ್ನು ಬೇರ್ಪಡಿಸುವುದು

1958ರಲ್ಲಿ ಅಮೆರಿಕ ಮತ್ತು ಯುರೋಪಿನ ಎಂಟು ವಿದ್ವಾಂಸರು ಜ್ಯೂರಿಕ್ ನಗರದಲ್ಲಿ ಸೇರಿ, ಮುಂದೆ ‘ಆಲ್ಗಾಲ್’ ಎಂದು ಹೆಸರಾದ ಗಣಕಭಾಷೆಯ ರೂಪುರೇಷೆಯನ್ನು ಚರ್ಚಿಸಿದರು. ದಶಮಾಂಶವನ್ನು ಗುರುತಿಸಲು ಅಮೆರಿಕನ್ನರಿಗೆ ಚುಕ್ಕೆ ಬೇಕು, ಯುರೋಪಿನವರಿಗೆ ಅಲ್ಪವಿರಾಮ ಬೇಕು. ಇಷ್ಟು ಸಣ್ಣ ಸಂಗತಿಯ ಮೇಲೆ ಸಭೆ ಬಿಗಿಯಾಯಿತು. ಪರಿಹಾರವಾಗಿ ಅವರು ಭಾಷೆಗೆ ಮೂರು ರೂಪಗಳನ್ನು ಕಲ್ಪಿಸಿದರು: ಆಧಾರ ರೂಪ, ಮುದ್ರಣ ರೂಪ, ಯಂತ್ರ ರೂಪ. ಅರ್ಥವನ್ನು ನಿರ್ಣಯಿಸುವ ಆಧಾರ ರೂಪ ಎಲ್ಲರಿಗೂ ಒಂದೇ. ಅಚ್ಚಿನಲ್ಲಿಯೂ ಯಂತ್ರದಲ್ಲಿಯೂ ಅವರವರ ರೂಢಿ ಅವರವರಿಗೆ.

ಕನ್ನಡದ ಗಣಕ ಬಳಕೆಯಲ್ಲಿಯೂ ಇದೇ ವಿಂಗಡಣೆ ಇದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಒತ್ತಿದರೂ, ಕೆ. ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಒತ್ತಿದರೂ ಯೂನಿಕೋಡ್ ಪಠ್ಯದಲ್ಲಿ ಳಕಾರದ ಸಂಕೇತಸಂಖ್ಯೆ 3251 ಮಾತ್ರ. ಬೆರಳಿನ ಅಭ್ಯಾಸ, ಅಕ್ಷರದ ಅಚ್ಚು ಬೇರೆಬೇರೆಯಾಗಿರಬಹುದು. ಸಂಖ್ಯೆ ಒಂದೇ ಆಗಿರಬೇಕು.

ಎರಡನೆಯ ದಾರಿ: ತಪ್ಪನ್ನು ಅಳಿಸದೆ ತಿದ್ದುವುದು

ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಪ್ರಕಟಿಸಿದ ‘ಇಸ್ಕಿ’ ಸಂಕೇತದಲ್ಲಿ ಬ್ರಾಹ್ಮೀಮೂಲದ ಲಿಪಿಗಳ ಸಮಾನ ಧ್ವನಿಗಳಿಗೆ ಸಮಾನ ಸ್ಥಾನವೆಂಬುದು ತತ್ತ್ವ. ಯೂನಿಕೋಡ್ ಇಸ್ಕಿಯ ಸಂಪ್ರದಾಯದಲ್ಲಿಯೇ ಒಂದೊಂದು ಲಿಪಿಗೆ 128 ಮನೆಗಳನ್ನು ಮೀಸಲಿಟ್ಟಿತು. ಅದರಲ್ಲಿ ತಮಿಳಿನ ೞಕಾರವು ಳಕಾರದ ಮರುಮನೆಯಲ್ಲಿದೆ. ಕನ್ನಡದಲ್ಲಿ ಅದಕ್ಕೆ ಸಮನಾದ ಮನೆ ಖಾಲಿಯಿದೆ. ನಮ್ಮ ೞಕಾರವು ದೂರದ 3294ನೆಯ ಸಂಖ್ಯೆಯಲ್ಲಿದೆ. ದೇವನಾಗರಿಯಲ್ಲಿ ಅದಕ್ಕೆ ಸಮನಾದ ಮನೆ ನುಕ್ತಾ ಸಹಿತವಾದ ‘ಫ಼’ಕಾರದ್ದು. ಅದಕ್ಕೆ ಸರಿಯಾಗಿ ೞಕಾರದ ಅಧಿಕೃತ ಹೆಸರೂ ‘ಕನ್ನಡ ಲೆಟರ್ ಫ಼’ ಎಂದೇ ದಾಖಲಾಗಿದೆ! ಆಕಾರ ೞಕಾರದ್ದು, ಹೆಸರು ಫಕಾರದ್ದು.

ಹೆಸರು ತಪ್ಪೆಂಬುದರಲ್ಲಿ ವಿವಾದವಿಲ್ಲ. ಆದರೆ ತಿದ್ದುವಂತಿಲ್ಲ. ಯೂನಿಕೋಡ್ ಒಕ್ಕೂಟವೂ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಒಂದೇ ಪಟ್ಟಿಯನ್ನು ಪಾಲಿಸುತ್ತವೆ. 1996ರ ಎರಡನೆಯ ಆವೃತ್ತಿಯಿಂದೀಚೆಗೆ ಒಮ್ಮೆ ಕೊಟ್ಟ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಬದಲಿಸಬಾರದೆಂಬ ನಿಯಮವಿದೆ. ಆ ಹೆಸರನ್ನು ನಂಬಿ ಬರೆದ ತಂತ್ರಾಂಶ ಎಲ್ಲಿಯೋ ಕೆಲಸ ಮಾಡುತ್ತಿರಬಹುದು. ತಿದ್ದಿದರೆ ಅದು ಮುರಿಯುತ್ತದೆ. ಆದುದರಿಂದ ಹಳೆಯ ಹೆಸರನ್ನು ಹಾಗೆಯೇ ಉಳಿಸಿ, ತಮಿಳಿನ ೞಕಾರಕ್ಕೆ ಬಳಸುವ ಹೆಸರನ್ನೇ ಕನ್ನಡದ ಅಕ್ಷರಕ್ಕೂ ಅಧಿಕೃತ ಪರ್ಯಾಯನಾಮವಾಗಿ ನೀಡಲಾಯಿತು. ಶುದ್ಧಿ ಬೇಕೆಂದವರಿಗೆ ಶುದ್ಧನಾಮ ದೊರೆಯಿತು, ಸ್ಥಿರತೆ ಬೇಕೆಂದವರಿಗೆ ಸ್ಥಿರತೆ ಉಳಿಯಿತು.

ಗಣಕಭಾಷೆಗಳಲ್ಲಿಯೂ ಇದೇ ನಡೆ ಕಾಣುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಶೂನ್ಯಸೂಚಕವಾದ ‘ನಲ್’ ಯಾವ ಜಾತಿಯದೆಂದು ಕೇಳಿದರೆ ‘ಆಬ್ಜೆಕ್ಟ್’ ಎಂಬ ತಪ್ಪು ಉತ್ತರ ಬರುತ್ತದೆ. ಅದನ್ನು ಅವಲಂಬಿಸಿದ ಪುಟಗಳು ಕೆಡಬಾರದೆಂದು ಸಮಿತಿ ಆ ತಪ್ಪನ್ನು ಉಳಿಸಿಕೊಂಡಿದೆ. ಗ್ರಂಥಸಂಪಾದನೆಯನ್ನು ಓದಿದವರಿಗೆ ಈ ವಿವೇಕ ಹೊಸದಲ್ಲ: ಶುದ್ಧಪಾಠವನ್ನು ಸ್ವೀಕರಿಸಿದ ಸಂಪಾದಕನೂ ಪ್ರತಿಗಳ ಪಾಠಾಂತರವನ್ನು ಅಳಿಸುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ.

ವಿದ್ಯಾರ್ಥಿಗಳು ಗಮನಿಸಬೇಕಾದುದು

ಹೆಸರು ಏನೇ ಇರಲಿ, ಅಕ್ಷರಕ್ಕೆ ಸ್ವತಂತ್ರ ಸಂಖ್ಯೆ ಇದೆ ಎಂಬುದೇ ಮುಖ್ಯ. ಹಳಗನ್ನಡ ಪದ್ಯವನ್ನು ಗಣಕಕ್ಕೆ ಏರಿಸುವಾಗ ಸುಲಭವೆಂದು ೞಕಾರದ ಜಾಗದಲ್ಲಿ ಳಕಾರವನ್ನು ಒತ್ತಿದರೆ ‘ಬದುಕು’ ‘ಕತ್ತಿ’ಯಾಗುತ್ತದೆ. ಮುಂದೆ ಆ ಪಠ್ಯದಲ್ಲಿ ‘ಬಾೞ್’ ಎಂದು ಹುಡುಕುವವರಿಗೆ ಏನೂ ಸಿಗದು. ಸಮಿತಿ ಮಾಡಿದ ಹೆಸರಿನ ತಪ್ಪಿಗೆ ಪರ್ಯಾಯನಾಮದ ಪರಿಹಾರವುಂಟು. ಬೆರಳಚ್ಚಿನಲ್ಲಿ ಕಳೆದುಹೋದ ಅಕ್ಷರವನ್ನು ಮೂಲಪ್ರತಿಗೆ ಮರಳಿಯೇ ಪಡೆಯಬೇಕು.

ಅಭ್ಯಾಸ

1. ಪಠ್ಯದ ಹಳಗನ್ನಡ ಭಾಗದಿಂದ ೞಕಾರವುಳ್ಳ ಹತ್ತು ಶಬ್ದಗಳನ್ನು ಆರಿಸಿ, ಅವುಗಳ ತಮಿಳು ಸಮರೂಪಗಳನ್ನು ಬರೆಯಿರಿ.
2. ಅವುಗಳಲ್ಲಿ ಳಕಾರ ಬರೆದರೆ ಅರ್ಥ ಬದಲಾಗುವ ಶಬ್ದಗಳು ಯಾವುವು?
3. ‘ಸ್ಥಿರತೆಗಾಗಿ ತಪ್ಪನ್ನು ಉಳಿಸಿಕೊಳ್ಳುವುದು ಸರಿಯೇ?’ ಕನ್ನಡ ವರ್ಣಮಾಲೆಯ ಚರ್ಚೆಗಳನ್ನು ಆಧರಿಸಿ ವಿವೇಚಿಸಿ.