ಉಳಿದವರ ಸಂಬಳದ ಲೆಕ್ಕ

ಕೆಲಸ ಹೋದವರ ಲೆಕ್ಕವನ್ನು ಊರೆಲ್ಲ ಹಾಕುತ್ತದೆ, ಉಳಿದವರದ್ದನ್ನು ಯಾರೂ ಹಾಕುವುದಿಲ್ಲ. ನಾನು ಅದನ್ನು ಕಲಿತದ್ದು ನಂಜನಗೂಡು, ತಿ. ನರಸೀಪುರದ ಕಡೆಗೆ ವೇದಿಕೆ, ದೀಪ, ಮೈಕು ಒದಗಿಸುತ್ತಿದ್ದ ಇವೆಂಟ್ ಕಂಪನಿಯೊಂದರಲ್ಲಿ.

ನಮ್ಮದು ಪಂಚಾಂಗ ನಂಬಿದ ಕಸುಬು. ಆಷಾಢ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ಸೇರಬೇಕಾದ ಕುಂಭಮೇಳ 2019ರ ನಂತರ ನಡೆದದ್ದು 2025ರಲ್ಲೇ. ಕೊರೊನಾ ಬಂದಾಗ ಜನರನ್ನು ತೆಗೆದರು. ಕಾರಣ ಕಣ್ಣೆದುರೇ ಇತ್ತು. ಜಾತ್ರೆಗಳು ಮರಳಿದ ಮೇಲೂ ತೆಗೆಯುವುದು ನಿಲ್ಲದಾದಾಗ ಕಚೇರಿ ಕೆಟ್ಟಿತು. ಜನರೇಟರಿನವರ ನಂಬರನ್ನೂ ಒಬ್ಬರಿಗೊಬ್ಬರು ಕೊಡದಾದರು. ನಂಬರ್ ಕೊಟ್ಟರೆ ತನ್ನ ಅಗತ್ಯ ಮುಗಿಯಿತು ಎಂಬ ಭಯ. ವೇದಿಕೆಯ ಕಂಬ ಅಲ್ಲಾಡಿದರೂ ಬಾಯಿ ಬಿಡುವವರಿಲ್ಲ, ಹೇಳಿದವನ ತಲೆಗೇ ಆ ಕೆಲಸ.

ಈ ಭಯಕ್ಕೆ ಬೆಲೆಯಿದೆ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ದುಡಿದು 20,800 ರೂಪಾಯಿ ಪಡೆಯುವವರಿಗೆ ಗಂಟೆಗೆ 100 ಬಿದ್ದಂತಾಯಿತು. ಹೋದವರ ಕೆಲಸವೂ ಹೆಗಲೇರಿ 12 ಗಂಟೆಯಾದರೆ ಅದು 67ಕ್ಕೆ ಇಳಿಯುತ್ತದೆ. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೊಡಬೇಕೆಂದು ಕಾನೂನಿದೆ. ನಮ್ಮಲ್ಲಿ ರಾತ್ರಿಯ ಊಟದ ಪೊಟ್ಟಣದಲ್ಲೇ ಬಾಕಿ ಚುಕ್ತಾ.

ಇದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಒಂದು ವರ್ಷ ಸತತ ದುಡಿದ ಕಾರ್ಮಿಕರನ್ನು ಕಂಪನಿ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ಬೇಸತ್ತು ತಾವಾಗಿಯೇ ಹೋದವರಿಗೆ ಈ ಪರಿಹಾರವಿಲ್ಲ. 'ನೀವೇ ರಾಜೀನಾಮೆ ಕೊಟ್ಟರೆ ಮರ್ಯಾದೆ' ಎಂಬ ಮಾತಿನ ಒಳಗುಟ್ಟು ಇದೇ. ಕೆಟ್ಟ ವಾತಾವರಣದಿಂದ ಕಂಪನಿಗೆ ಉಳಿತಾಯವೂ ಆಗುತ್ತದೆ.

ಗ್ರ್ಯಾಚುಟಿಯದೂ ಇಂಥದ್ದೇ ಕಥೆ. ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು. ಮೂಲವೇತನ, ತುಟ್ಟಿಭತ್ಯೆ ಸೇರಿ 20,800 ಇದ್ದರೆ 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 12,000, ಐದು ವರ್ಷಕ್ಕೆ 60,000. ನಾಲ್ಕು ವರ್ಷ ಸಹಿಸಿ ಸಿಟ್ಟಿನಲ್ಲಿ ಎದ್ದುಹೋದ ಗೆಳೆಯರಿಗೆ ಇದು ಸಿಗಲಿಲ್ಲ.

ಹಾಗೆಂದು ಕೊಳೆಯುತ್ತ ಕೂರಬೇಕಿಲ್ಲ. ಪಿಎಫ್ ಪಾಸ್‌ಬುಕ್ಕನ್ನು ಪ್ರತಿ ತಿಂಗಳು ನೋಡಿ. ಸಂಬಳದಲ್ಲಿ ಮುರಿದುಕೊಂಡ ಹಣ ಅಲ್ಲಿ ಜಮೆಯಾಗದಿದ್ದರೆ ಬೇರೆ ಕೆಲಸ ಹುಡುಕಲು ಅದೇ ಮುಹೂರ್ತ. ಆಷಾಢದ ಖರ್ಚನ್ನು ಯುಗಾದಿಯೊಳಗೆ ಎತ್ತಿಡಿ. ನಾನು ಐದು ವರ್ಷ ತುಂಬಿಸಿ, ನಂಜನಗೂಡಿನ ದೊಡ್ಡ ಜಾತ್ರೆಗೆ ಮುಂಚೆ, ಕೆಲಸ ಬಲ್ಲವರನ್ನು ಎಲ್ಲರೂ ಹುಡುಕುವ ಕಾಲದಲ್ಲಿ ಬಿಟ್ಟೆ. ರಾಜೀನಾಮೆಯ ತಾರೀಖನ್ನು ಸಿಟ್ಟಿಗೆ ಬಿಡಬೇಡಿ, ಕ್ಯಾಲೆಂಡರ್ ನೋಡಿ ಬರೆಯಿರಿ.