ಹೋಟೆಲಿಗಿಂತ ಮೊದಲು ದಿಕ್ಕು ನೋಡಿ

ಸ್ಪೇನಿನ ಟೆನೆರಿಫೆ ದ್ವೀಪಕ್ಕೆ ಬಿಸಿಲು ಅರಸಿ ಹೊರಡುವವರು ಹೋಟೆಲಿನ ಫೋಟೊ, ಬಾಡಿಗೆ ನೋಡುವ ಮೊದಲು ಅದು ದ್ವೀಪದ ಯಾವ ಮಗ್ಗುಲಲ್ಲಿದೆ ಎಂದು ನೋಡಬೇಕು. ದ್ವೀಪದ ನಡುವೆ 3,715 ಮೀಟರ್ ಎತ್ತರದ ತೇಯ್ದೆ ಜ್ವಾಲಾಮುಖಿ ನಿಂತಿದೆ. ಈಶಾನ್ಯದ ವಾಣಿಜ್ಯ ಮಾರುತ ಹೊತ್ತು ತರುವ ತೇವ ಉತ್ತರದ ಇಳಿಜಾರಿನಲ್ಲೇ ಮೋಡಗಟ್ಟುತ್ತದೆ. ನಮ್ಮ ಮಲೆನಾಡಿಗೆ ಸುರಿದ ಮಳೆ ಬಯಲುಸೀಮೆಗೆ ದಕ್ಕದ ಹಾಗೆ, ದಕ್ಷಿಣದ ಲಾಸ್ ಕ್ರಿಸ್ಟಿಯಾನೋಸ್ ಕಡೆ ಆಕಾಶ ಹೆಚ್ಚಿನ ದಿನ ತಿಳಿಯಾಗಿರುತ್ತದೆ. ಜನವರಿಯಲ್ಲೂ ಅಲ್ಲಿ ಹಗಲಿನ ತಾಪಮಾನ 20 ಡಿಗ್ರಿಯ ಆಸುಪಾಸು. ಸಮುದ್ರದ ನೀರೂ ಅಷ್ಟೇ ಇರುವುದರಿಂದ, ಅರಬ್ಬಿ ಸಮುದ್ರದ ಬೆಚ್ಚಗಿನ ನೀರಿಗೆ ಒಗ್ಗಿದವರಿಗೆ ಚಳಿ ಎನಿಸೀತು. ಈಜಲೇಬೇಕೆಂದಿದ್ದರೆ ಸೆಪ್ಟೆಂಬರ್, ಅಕ್ಟೋಬರ್ ಮೇಲು.

ದಕ್ಷಿಣ ಬರಡು, ಅಲ್ಲಿರುವುದು ಪ್ರವಾಸಿಗರಿಗೆಂದೇ ಕಟ್ಟಿದ ಊರುಗಳು, ಹಸಿರೂ ಹಳೆಯ ಪಟ್ಟಣಗಳೂ ಉತ್ತರದಲ್ಲಿವೆ ಎಂಬ ಆಕ್ಷೇಪ ಬಹುಮಟ್ಟಿಗೆ ನಿಜ. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಲಾ ಲಗುನಾ ಇರುವುದೂ ಉತ್ತರದಲ್ಲೇ. ಆದರೆ ಅದನ್ನು ದಕ್ಷಿಣದಿಂದ ಬಸ್ಸಿನಲ್ಲಿ ಹೋಗಿ ಒಂದೇ ದಿನದಲ್ಲಿ ನೋಡಿ ಬರಬಹುದು. ಕಡಲತೀರಕ್ಕೆಂದೇ ಹೋದವರು ವಾರವಿಡೀ ಮೋಡದಡಿ ಕುಳಿತರೆ ಆ ನಷ್ಟ ತುಂಬದು. ದ್ವೀಪದಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಟಿಕೆಟ್ ಕೊಳ್ಳುವಾಗ ಇಳಿಯುವುದು ಯಾವುದರಲ್ಲಿ ಎಂದು ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ, ಕೊನೆಯ ವಾರಗಳವರೆಗೆ ಕಾಯಬೇಡಿ.