ಈ ತಿಂಗಳ ಪಾಠ: ಬಣ್ಣದ ಕಿಟಕಿ, ಊಟದ ಮನೆಯಲ್ಲಿ ರಾಜ



ಸಂತೆಬಾಚಹಳ್ಳಿ ಕಡೆಯಿಂದ ಮೈಸೂರಿಗೆ ಹೋದವರು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚನ್ನು ಹೊರಗಿನಿಂದಾದರೂ ನೋಡಿರ್ತೀರಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಹಾಕಿದ ಚರ್ಚ್ ಅದು. ಈ ಸಲ ಹೋದರೆ ಒಳಗೆ ಹೋಗಿ ಕಿಟಕಿಗಳನ್ನು ನೋಡಿ ಬನ್ನಿ. ಫ್ರಾನ್ಸ್ ದೇಶದಿಂದ ತರಿಸಿದ ಬಣ್ಣದ ಗಾಜು. ಯೇಸುಸ್ವಾಮಿಯ ಜನನ, ಶಿಷ್ಯರ ಜೊತೆ ಮಾಡಿದ ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ ಎಲ್ಲಾ ಅದರಲ್ಲಿದೆ. ನಮ್ಮ ತಾಲ್ಲೂಕಿನ ಹೊಸಹೊಳಲು ಗುಡಿಯ ಗೋಡೆಯಲ್ಲಿ ರಾಮಾಯಣ, ಮಹಾಭಾರತ ಕೆತ್ತಿಲ್ಲವೇ, ಹಾಗೆ. ಓದು ಬಾರದವರಿಗೂ ಕಥೆ ಕಾಣುತ್ತದೆ.

ಈ ಕಿಟಕಿ ಮಾಡೋದು ಹೇಗೆ? ನಿಮ್ಮ ಕೈಯ ಗಾಜಿನ ಬಳೆ ಒಡೆದಾಗ ನೋಡಿ, ಒಳಗೂ ಅದೇ ಬಣ್ಣ. ಗಾಜು ಕರಗಿಸುವಾಗಲೇ ಲೋಹದ ಅಂಶ ಸೇರಿಸುತ್ತಾರೆ. ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರ ಸೇರಿದರೆ ಹಸಿರು ಇಲ್ಲವೇ ಕೆಂಪು. ಕೆಂಪು ದಪ್ಪವಾದರೆ ಬೆಳಕೇ ತೂರೋದಿಲ್ಲ, ಅದಕ್ಕೆ ಬಿಳಿ ಗಾಜಿನ ಮೇಲೆ ತೆಳ್ಳಗೆ ಒಂದು ಪದರ ಕೂರಿಸುತ್ತಿದ್ದರು. ಹಳದಿಗೆ ಬೆಳ್ಳಿಯ ಲೇಪ ಹಚ್ಚಿ ಸುಡಬೇಕು. ಕಣ್ಣು, ಮೂಗು, ಸೀರೆಯ ನಿರಿಗೆಯಂಥ ಬಟ್ಟೆಯ ಮಡಿಕೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಗೂಡಿನಲ್ಲಿ ಸುಟ್ಟರೆ ಅದು ಗಾಜಿಗೇ ಅಂಟಿಕೊಳ್ಳುತ್ತದೆ. ಆಮೇಲೆ ತುಂಡುಗಳನ್ನೆಲ್ಲ ಸೀಸದ ಪಟ್ಟಿಯಿಂದ ಬೆಸೆಯುತ್ತಾರೆ. ದೂರದಿಂದ ಕಾಣುವ ಕಪ್ಪು ಗೆರೆಗಳಲ್ಲಿ ಬಹಳಷ್ಟು ಈ ಸೀಸವೇ.

ಇದೇ ಕಡೆಯ ಭೋಜನದ ಇನ್ನೊಂದು ಕಿಟಕಿಯ ವಿಷಯ ಹೇಳಬೇಕು. ಹಾಲೆಂಡಿನ ಗೌಡಾ ಎಂಬ ಊರಿನಲ್ಲಿ (ನಮ್ಮ ಗೌಡರಿಗೂ ಆ ಊರಿಗೂ ಸಂಬಂಧವಿಲ್ಲ!) ಸಂತ ಯೊವಾನ್ನರ ಚರ್ಚು 1552ರಲ್ಲಿ ಬೆಂಕಿಗೆ ಸಿಕ್ಕಿತು. ಮತ್ತೆ ಕಟ್ಟುವಾಗ ಡಿರ್ಕ್ ಕ್ರಾಬೆಟ್, ವೌಟರ್ ಕ್ರಾಬೆಟ್ ಎಂಬ ಅಣ್ಣತಮ್ಮಂದಿರು ದೊಡ್ಡ ದೊಡ್ಡ ಕಿಟಕಿ ಮಾಡಿದರು. 1557ರಲ್ಲಿ ಡಿರ್ಕ್ ಮಾಡಿದ ಒಂದು ಕಿಟಕಿಗೆ ದುಡ್ಡು ಕೊಟ್ಟವನು ಸ್ಪೇನಿನ ರಾಜ ಎರಡನೇ ಫಿಲಿಪ್. ಅದರಲ್ಲಿ ಯೇಸುಸ್ವಾಮಿ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದಾರೆ. ಅದೇ ಊಟದ ಮನೆಯಲ್ಲಿ ರಾಜ ಫಿಲಿಪ್, ರಾಣಿ ಮೇರಿ ಮೊಣಕಾಲೂರಿದ್ದಾರೆ! ಅವರಿಬ್ಬರೂ ಹುಟ್ಟಿದ್ದು ಆ ಊಟ ಆಗಿ ಸುಮಾರು 1500 ವರ್ಷ ಕಳೆದ ಮೇಲೆ. ಆ ಕಾಲದಲ್ಲಿ ಕಿಟಕಿ ಕೊಡಿಸಿದವರ ಚಿತ್ರ ಬರೆಯೋದು ರೂಢಿ. ರಾಜನದು ಭಕ್ತಿ ಇರಬಹುದು, ಮೊಣಕಾಲೂರಿದ್ದಾನಲ್ಲ. ಆದರೂ ನನಗೆ ಅನ್ನಿಸೋದು, ಆ ಊಟಕ್ಕೆ ಕರೆಸಿಕೊಂಡವರಲ್ಲಿ ಮೀನು ಹಿಡಿಯುವವರಿದ್ದರು, ಯಾರೂ ದುಡ್ಡು ಕೊಟ್ಟು ಜಾಗ ಹಿಡಿದವರಲ್ಲ.

ಕೊರಿಂಥ ಪಟ್ಟಣದ ಸಭೆಗೂ ಸಂತ ಪೌಲರು ಈ ವಿಷಯಕ್ಕೇ ಗದರಿ ಬರೆದರು. ಅಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು.

ಮುಂದಿನ ವಾರದ ಸಭೆಯಲ್ಲಿ ಮಾತಾಡಿ: ನಮ್ಮ ಸಂಘದಲ್ಲಿ ಮೊದಲ ಸಾಲ ಯಾರಿಗೆ ಸಿಗುತ್ತಿದೆ? ಚಾಪೆಯ ತುದಿಯಲ್ಲಿ, ಬಾಗಿಲ ಹತ್ತಿರ ಕೂರುವ ಅಕ್ಕ ಯಾರು? ಕಳೆದ ಮೂರು ಸಭೆಯಲ್ಲಿ ಅವರು ಏನಾದರೂ ಮಾತಾಡಿದ್ದು ನಡಾವಳಿ ಪುಸ್ತಕದಲ್ಲಿ ಇದೆಯಾ, ತೆಗೆದು ನೋಡಿ.